ನೀರಿನ ಫಿಲ್ಟರ್ ಹೋಯಿತು, ಮಾತೂ ಹೋಯಿತು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಈಗಿನ ಹುಡುಗರು ಆಫೀಸಿನಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲ್ ಉಜ್ಜುತ್ತಾ ಕೂತಿರುತ್ತಾರೆ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಅಂತೆಲ್ಲ ಬರೆದಿದ್ದರು. ನನಗೂ 52 ಆಯಿತು, 'ನಮ್ಮ ಕಾಲ' ಅನ್ನುವವರ ಸಾಲಿಗೆ ನಾನೂ ಸೇರಿದವನೇ. ಆದರೂ ಹೇಳುತ್ತೇನೆ, ಲೇಖಕರು ಬೈದಿದ್ದು ತಪ್ಪು ಮಂದಿಯನ್ನು. ಹುಡುಗರನ್ನು ಬಿಡಿ, ಅವರನ್ನು ಕೂರಿಸಿರುವ ಜಾಗ ನೋಡಿ.

ನಾನು ಕಸ್ಟಮ್ಸ್ ಕ್ಲಿಯರಿಂಗ್, ಅಂದರೆ ಆಮದು ರಫ್ತು ಮಾಲಿನ ಸುಂಕದ ಕಾಗದಪತ್ರ ಮಾಡಿಕೊಡುವ, ಕಂಪನಿಯೊಂದರಲ್ಲಿ 26 ವರ್ಷದಿಂದ ಇದ್ದೇನೆ. ಹೆಸರು ಬೇಡ, ಸಂಬಳ ಅಲ್ಲಿಂದಲೇ ಬರಬೇಕು. ಎರಡೂವರೆ ವರ್ಷದ ಹಿಂದಿನವರೆಗೆ ನಮ್ಮ ಆಫೀಸು ಮುಂಬಯಿಯ ಬ್ಯಾಲಾರ್ಡ್ ಎಸ್ಟೇಟಿನಲ್ಲಿತ್ತು. ಗೇಟ್‌ವೇ ಆಫ್ ಇಂಡಿಯಾದ ನಕ್ಷೆ ಮಾಡಿದ ಜಾರ್ಜ್ ವಿಟೆಟ್ ಅವರೇ ಆ ಇಡೀ ಏರಿಯಾವನ್ನೂ ರೂಪಿಸಿದ್ದು. ಹೊರಗಿನಿಂದ ನೋಡಲು ಬಹಳ ಚಂದ. ನಮ್ಮ ಎರಡನೇ ಮಹಡಿ ಮಾತ್ರ ಒಳಗೆ ಗುಬ್ಬಿಗೂಡು. ಮರದ ಮೆಟ್ಟಿಲು, ಮಳೆಗಾಲದಲ್ಲಿ ಊದಿಕೊಂಡು ಮುಚ್ಚದ ಕಿಟಕಿ, ಐದು ಸಣ್ಣ ಸಣ್ಣ ಕೋಣೆ. ಲಿಫ್ಟ್ ಇತ್ತು, ಜಾಲರಿ ಬಾಗಿಲಿನದ್ದು, ವಾರದಲ್ಲಿ ಮೂರು ದಿನ ಕೆಟ್ಟಿರುತ್ತಿತ್ತು.

ಆ ಮೆಟ್ಟಿಲು ತಿರುಗುವ ಜಾಗದಲ್ಲಿ ಒಂದು ನೀರಿನ ಫಿಲ್ಟರ್ ಇತ್ತು. ಸ್ಟೀಲಿನದ್ದು, ಹಳೆಯದು, ನಲ್ಲಿಯಿಂದ ನೀರು ಸಣ್ಣಗೆ ಬರುತ್ತಿತ್ತು. ಒಂದು ಬಾಟಲಿ ತುಂಬಲು ಎರಡು ನಿಮಿಷವಾದರೂ ಬೇಕು. ನಾನು ಹೇಳಬೇಕಾಗಿರುವುದು ಈ ಎರಡು ನಿಮಿಷದ ವಿಷಯವನ್ನೇ. ಆ ಎರಡು ನಿಮಿಷ ನೀವು ಅಲ್ಲಿ ನಿಂತಿದ್ದರೆ ಯಾರೂ 'ಇಲ್ಲಿ ಯಾಕೆ ನಿಂತಿದ್ದೀರಿ' ಅಂತ ಕೇಳುವಂತಿಲ್ಲ. ನೀರು ತುಂಬಿಸುತ್ತಿದ್ದೀರಿ, ಅಷ್ಟೇ. ಹಿಂದೆ ಇನ್ನೊಬ್ಬರು ಬಾಟಲಿ ಹಿಡಿದು ಬರುತ್ತಾರೆ. ಅವರೂ ನಿಲ್ಲಬೇಕು. ಸುಮ್ನೆ ನಿಂತ ಇಬ್ಬರು ಮನುಷ್ಯರು ಏನು ಮಾಡುತ್ತಾರೆ? ಮಾತಾಡುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ಹದಿನೈದು ವರ್ಷದ ಹಿಂದಿನ ಮಾತು ಇರಬಹುದು. ಹೊಸದಾಗಿ ಸೇರಿದ್ದ ಹುಡುಗನೊಬ್ಬ, ನಮ್ಮ ಬಿಜಾಪುರದ ಕಡೆಯವನು, ಒಂದು ಪಾರ್ಟಿಯ, ಅಂದರೆ ನಮ್ಮ ಗಿರಾಕಿಯ, ಬಿಲ್ ಆಫ್ ಎಂಟ್ರಿ (ಆಮದು ಮಾಲಿಗೆ ಕಸ್ಟಮ್ಸ್‌ಗೆ ಕೊಡುವ ಪತ್ರ) ತಯಾರು ಮಾಡುತ್ತಿದ್ದ. ಮಾಲು ಸ್ಟೀಲ್ ನೀರಿನ ಬಾಟಲಿ. ಸ್ಟೀಲಿನ ಅಡುಗೆಮನೆ ಸಾಮಾನು ಅಂತ ಅವನು ಸುಂಕ ಗೊತ್ತುಮಾಡುವ ಕೋಡ್ 7323ರ ಕೆಳಗೆ ಹಾಕಿಟ್ಟಿದ್ದ. ಸ್ಯಾಂಪಲ್ ಬಾಟಲಿ ಚಂದ ಇದೆ ಅಂತ ಅದನ್ನೇ ಹಿಡಿದುಕೊಂಡು ಫಿಲ್ಟರ್ ಹತ್ತಿರ ನೀರು ತುಂಬಿಸಲು ಬಂದ. ಹಿಂದೆ ನಿಂತಿದ್ದವರು ನಮ್ಮ ಡ್ಯೂಟಿ ಸೆಕ್ಷನ್ನಿನ ಹಿರಿಯರು, ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಬಾಟಲಿ ಕೈಗೆ ತಗೊಂಡು ಬೆರಳಿನಿಂದ ಟಕಟಕ ಬಡಿದು, "ಅರೆ, ಇದು ಎರಡು ಪದರದ್ದು, ನಡುವೆ ಗಾಳಿ ತೆಗೆದಿದ್ದಾರೆ, ಥರ್ಮಾಸ್ ಇದು, 9617ಕ್ಕೆ ಹೋಗುತ್ತದೆ" ಅಂದರು. ಹುಡುಗ ಬಾಟಲಿ ಅಲ್ಲೇ ಬಿಟ್ಟು ಓಡಿದ. ನೀರು ತುಂಬಿ ಚೆಲ್ಲಿ ಮೆಟ್ಟಿಲ ಮೇಲೆಲ್ಲ ಹರಿಯಿತು, ಶಿಪಾಯಿ ಮಾಮಾ ಬೈದರು. ಬಿಲ್ ಫೈಲ್ ಆಗುವ ಮೊದಲೇ ಕೋಡ್ ಸರಿಯಾಯಿತು.

ಇದನ್ನು ಯಾವ ಟ್ರೇನಿಂಗ್‌ನಲ್ಲಿ ಹೇಳಿಕೊಡುತ್ತಾರೆ? ಹುಡುಗನಿಗೆ ತಾನು ತಪ್ಪು ಮಾಡುತ್ತಿದ್ದೇನೆ ಅಂತಲೇ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಪ್ರಶ್ನೆ ಕೇಳುವುದಾದರೂ ಹೇಗೆ? ಕೇಳಿದ್ದು ಅವನಲ್ಲ, ಬಾಟಲಿ ತಾನೇ ಹೋಗಿ ಕಾಕಾನ ಕಣ್ಣಿಗೆ ಬಿತ್ತು.

ಈಗ ಆಫೀಸು ನವಿ ಮುಂಬಯಿಯ ಐರೋಲಿಗೆ ಬಂದಿದೆ. ಗಾಜಿನ ಕಟ್ಟಡ. ನಾನು ಡೊಂಬಿವಲಿಯವನು, ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಲೋಕಲ್ ಗಾಡಿ ಹಿಡಿದರೆ ಆಯಿತು, ದಕ್ಷಿಣ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್‌ವರೆಗೆ ಜೋತಾಡಿಕೊಂಡು ಹೋಗುವ ಗೋಳಿಲ್ಲ. ಆ ಮಟ್ಟಿಗೆ ಸುಖ, ಸುಳ್ಳು ಹೇಳಬಾರದು. ಎಸಿ ಚೆನ್ನಾಗಿದೆ, ಕುರ್ಚಿ ಬೆನ್ನಿಗೆ ಹಿತವಾಗಿದೆ, ಶೌಚಾಲಯ ಫಳಫಳ ಹೊಳೆಯುತ್ತದೆ. ನಾಲ್ಕನೇ ಮಹಡಿಯಲ್ಲಿ ಒಂದು ದೊಡ್ಡ ಹಾಲ್, ನಡುವೆ ಗೋಡೆಯೇ ಇಲ್ಲ, ಈ ತುದಿಯಿಂದ ಆ ತುದಿಗೆ ಬಿಳಿ ಮೇಜು. ಯಾರ ಮೇಜೂ ಯಾರದ್ದಲ್ಲ, ಬೆಳಿಗ್ಗೆ ಬಂದು ಎಲ್ಲಿ ಖಾಲಿ ಇದೆಯೋ ಅಲ್ಲಿ ಕೂರಬೇಕು. ಉದ್ಘಾಟನೆಯ ದಿನ ಸಾಹೇಬರು ಭಾಷಣ ಮಾಡಿದರು. ಗೋಡೆ ಒಡೆದಿದ್ದೇವೆ, ಇನ್ನು ಎಲ್ಲರೂ ಎಲ್ಲರ ಜೊತೆ ಮಾತಾಡಬಹುದು ಅಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಪೇಡಾ ತಿಂದೆವು.

ಅವತ್ತಿನಿಂದ ಹಾಲ್‌ನಲ್ಲಿ ಲೈಬ್ರರಿಯಷ್ಟು ಮೌನ.

ಯಾಕೆ ಅಂತ ನಾನೇ ಬಹಳ ದಿನ ತಲೆ ಕೆಡಿಸಿಕೊಂಡೆ. ಉತ್ತರ ಕಷ್ಟದ್ದೇನಲ್ಲ. ನಾನು ಪಕ್ಕದವರ ಹತ್ತಿರ "ನಿನ್ನೆ ಮಗನ ರಿಸಲ್ಟ್ ಏನಾಯಿತು" ಅಂತ ಕೇಳಿದರೆ ನಲವತ್ತು ಜನಕ್ಕೆ ಕೇಳಿಸುತ್ತದೆ. ಅದರಲ್ಲಿ ಇಬ್ಬರು ಕತ್ತೆತ್ತಿ ನೋಡುತ್ತಾರೆ. ಆ ಇಬ್ಬರಲ್ಲಿ ಒಬ್ಬರು ಸಾಹೇಬರು. ಆಮೇಲೆ ಯಾರಿಗೆ ಬೇಕು ರಿಸಲ್ಟ್? ಇಯರ್‌ಫೋನ್ ಹಾಕಿಕೊಂಡಿರುವ ಹುಡುಗರೂ ಅಷ್ಟೇ, ಹಾಡು ಕೇಳಲು ಹಾಕಿದ್ದಲ್ಲ ಸ್ವಾಮಿ, ನಮ್ಮ ಆಫೀಸಿನ ಒಬ್ಬಳು ಹುಡುಗಿಯೇ ಹೇಳಿದಳು, "ಅಂಕಲ್, ಇದರಲ್ಲಿ ಏನೂ ಓಡುತ್ತಿಲ್ಲ, ಇದು ನನ್ನ ಗೋಡೆ" ಅಂತ. ಗೋಡೆ ಒಡೆದರೆ ಜನ ಕಿವಿಗೆ ಗೋಡೆ ಕಟ್ಟಿಕೊಳ್ಳುತ್ತಾರೆ.

ನನ್ನ ಮಗಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಅವಳ ಹತ್ತಿರ ಹೇಳಿದಾಗ ನಕ್ಕಳು. ಇದನ್ನು ಅಳೆದೇ ನೋಡಿದ್ದಾರೆ ಅಪ್ಪಾ ಅಂದಳು. ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ ಅನ್ನುವವರು ಅಮೆರಿಕದ ಎರಡು ದೊಡ್ಡ ಕಂಪನಿಗಳಲ್ಲಿ, ಗೋಡೆ ತೆಗೆಯುವ ಮೊದಲು ಒಮ್ಮೆ, ತೆಗೆದ ಮೇಲೆ ಒಮ್ಮೆ, ನೌಕರರ ಕೊರಳಿಗೆ ಒಂದು ಯಂತ್ರ ಹಾಕಿ ಯಾರು ಯಾರ ಜೊತೆ ಎದುರಾಬದುರು ಮಾತಾಡುತ್ತಾರೆ ಅಂತ ಲೆಕ್ಕ ಹಾಕಿದರಂತೆ. 2018ರಲ್ಲಿ ಅದು ಪ್ರಕಟವಾಯಿತು. ಗೋಡೆ ತೆಗೆದ ಮೇಲೆ ಮುಖಾಮುಖಿ ಮಾತು ಜಾಸ್ತಿ ಆಗುವುದಿರಲಿ, ಸುಮಾರು 70 ಪರ್ಸೆಂಟ್ ಇಳಿದುಹೋಗಿತ್ತು. ಬದಲಿಗೆ ಈಮೇಲ್ ಮೆಸೇಜ್ ಏರಿತ್ತು. ನಮ್ಮಲ್ಲಿ ಯಂತ್ರ ಬೇಕಾಗಿಲ್ಲ. ನನ್ನಿಂದ ಮೂರು ಕುರ್ಚಿ ಆಚೆ ಕೂತವರು ನನಗೆ ವಾಟ್ಸಾಪ್ ಮಾಡುತ್ತಾರೆ, "ಸರ್, ಸ್ಟೇಪ್ಲರ್ ಇದೆಯಾ".

ಇನ್ನು ಮಹಡಿಯ ಕಥೆ. ಇಂಪೋರ್ಟ್ ನಾವು ನಾಲ್ಕರಲ್ಲಿ, ಎಕ್ಸ್‌ಪೋರ್ಟ್ ಆರರಲ್ಲಿ. ನಡುವೆ ಇರುವುದು ಒಂದೇ ಮಹಡಿ, ಆದರೆ ನನ್ನ ಕಾರ್ಡಿಗೆ ಆರರ ಬಾಗಿಲು ತೆರೆಯುವುದಿಲ್ಲ. ಮೊದಲು ಅವರು ಪಕ್ಕದ ಕೋಣೆಯಲ್ಲಿದ್ದರು, ಅವರ ಪ್ರಿಂಟರ್ ಕೆಟ್ಟರೆ ನಮ್ಮಲ್ಲಿಗೆ ಬರುತ್ತಿದ್ದರು, ಬಂದಾಗ ನಾಲ್ಕು ಮಾತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ ಅನ್ನುವವರು 1970ರ ದಶಕದಲ್ಲೇ ಇಂಥದ್ದನ್ನು ಅಳೆದಿದ್ದರಂತೆ, ಎಂಜಿನಿಯರುಗಳ ಮೇಜುಗಳ ನಡುವಿನ ದೂರ ಹೆಚ್ಚಿದಂತೆ ಮಾತು ಸರ್ರನೆ ಕಡಿಮೆಯಾಗುತ್ತದೆ, 50 ಮೀಟರ್ ದಾಟಿದರೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೇರೆ ಮಹಡಿ ಅಂದರೆ ಬೇರೆ ಊರಿದ್ದ ಹಾಗೆ ಅಂತ ಮಗಳು ಹೇಳಿದಳು. ಐರೋಲಿಯ ನಾಲ್ಕನೇ ಮಹಡಿಯಿಂದ ಆರನೇ ಮಹಡಿಗಿಂತ ನನಗೆ ಕಾರ್ಕಳವೇ ಹತ್ತಿರ, ಅಲ್ಲಿಗೆ ವರ್ಷಕ್ಕೆ ಎರಡು ಸಲವಾದರೂ ಹೋಗುತ್ತೇನೆ.

ಇದರಿಂದ ನಷ್ಟ ಏನು, ಕೆಲಸ ನಡೆಯುತ್ತಿದೆಯಲ್ಲ ಅನ್ನಬಹುದು. ನಡೆಯುತ್ತಿದೆ. ಹೋದ ವರ್ಷ ಒಬ್ಬ ಹುಡುಗನಿಗೆ ಒಂದು ಕೋಡ್ ಬಗ್ಗೆ ಅನುಮಾನ ಬಂತು. ಒಳ್ಳೆಯ ಹುಡುಗ, ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ. ಮೂವತ್ತು ಜನ ನೋಡಿದರು, ನೀಲಿ ಗುರುತು ಬಂತು, ಉತ್ತರ ಯಾರೂ ಹಾಕಲಿಲ್ಲ. ನಾನೂ ಹಾಕಲಿಲ್ಲ, ಒಪ್ಪಿಕೊಳ್ಳುತ್ತೇನೆ. ಬರೆದು ತಪ್ಪಾದರೆ ನನ್ನ ಹೆಸರಲ್ಲಿ ಉಳಿಯುತ್ತದಲ್ಲ. ಬಾಯಲ್ಲಿ ಹೇಳುವುದಾಗಿದ್ದರೆ "ನೋಡಪ್ಪಾ, ನನಗೆ ಅನ್ನಿಸುವುದು ಹೀಗೆ" ಅಂತ ಹೇಳಿಬಿಡುತ್ತಿದ್ದೆ. ಹುಡುಗ ಕಾದು ಕಾದು ಫೈಲ್ ಮಾಡಿದ. ಕೋಡ್ ತಪ್ಪಾಗಿತ್ತು. ತಿದ್ದುಪಡಿ, ಅರ್ಜಿ, ಓಡಾಟ, ಅಷ್ಟರಲ್ಲಿ ಕಂಟೇನರ್ ನ್ಹಾವಾ ಶೇವಾ ಬಂದರಿನಲ್ಲಿ ನಿಂತುಕೊಂಡಿತು. ಡೆಮರೇಜ್, ಅಂದರೆ ಮಾಲು ತಡವಾಗಿ ಬಿಡಿಸಿದ್ದಕ್ಕೆ ಬೀಳುವ ದಂಡ, ಅದರ ಮೀಟರು ರಿಕ್ಷಾ ಮೀಟರಿನ ಹಾಗೆ, ನಿಂತರೂ ಓಡುತ್ತದೆ. ಬೈಸಿಕೊಂಡದ್ದು ಮಾತ್ರ ಅವನೊಬ್ಬನೇ.

ಈಗ ಡಬ್ಬಾ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯದಿದ್ದರೆ ಹೆಂಡತಿ ಬಿಡುವುದಿಲ್ಲ.

ಈ ಊರಿನಲ್ಲಿ 1890ರಿಂದ ಮನೆಯೂಟದ ಡಬ್ಬಿಯನ್ನು ಆಫೀಸಿಗೆ ತಲುಪಿಸುವ ಡಬ್ಬಾವಾಲಾಗಳಿದ್ದಾರೆ. ಹಳೆಯ ಆಫೀಸಿನಲ್ಲಿ ಡಬ್ಬಾ ಸೀದಾ ಎರಡನೇ ಮಹಡಿಗೆ ಬರುತ್ತಿತ್ತು, ಫಿಲ್ಟರ್ ಪಕ್ಕದ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಿತ್ತು. ಒಂದು ಗಂಟೆಗೆ ರೆಕಾರ್ಡ್ ಕೋಣೆಯ ಎರಡು ಮೇಜು ಎಳೆದು ಜೋಡಿಸಿ ಹನ್ನೊಂದು ಜನ ಕೂರುತ್ತಿದ್ದೆವು. ಜಾಗ ಇದ್ದದ್ದು ಎಂಟು ಜನಕ್ಕೆ. ಮೊಣಕೈ ಮೊಣಕೈಗೆ ತಾಗುವಾಗ ಒಬ್ಬರ ಡಬ್ಬಿಗೆ ಒಬ್ಬರು ಕೈ ಹಾಕದೆ ಇರುವುದು ಹೇಗೆ? ನಮ್ಮ ಕ್ಯಾಷಿಯರ್ ಕುಂದಾಪುರದವರು ಅಂತ ನನಗೆ ಗೊತ್ತಾಗಿದ್ದು ಅವರ ಡಬ್ಬಿಯ ಮೀನು ಗಸಿಯ ವಾಸನೆಯಿಂದ. ಅದುವರೆಗೆ ಎಂಟು ತಿಂಗಳು ಇಬ್ಬರೂ ಹಿಂದಿಯಲ್ಲಿ ಮಾತಾಡಿಕೊಂಡಿದ್ದೆವು! ಮುಂಬಯಿಯಲ್ಲಿ ನಮ್ಮ ಭಾಷೆ ಬದುಕಿರುವುದು ಇಂಥ ಮೂಲೆಗಳಲ್ಲಿ. ಸಾಹೇಬರ ಎದುರು ಇಂಗ್ಲಿಷ್, ಪಾರ್ಟಿ ಎದುರು ಹಿಂದಿ, ಶಿಪಾಯಿ ಮಾಮಾನ ಹತ್ತಿರ ಮರಾಠಿ, ಕನ್ನಡ ತುಳು ಎರಡಕ್ಕೂ ಆ ಕಟ್ಟೆ. ಸಂಘದ ಕಾರ್ಯಕ್ರಮಕ್ಕೆ ವರ್ಷಕ್ಕೊಮ್ಮೆ ಶಾಲು ಹೊದ್ದು ಹೋಗುವುದು ಬೇರೆ, ದಿನಾ ಒಂದು ಗಂಟೆಗೆ "ಏನ್ರೀ, ಇವತ್ತು ಏನು ತಂದಿದ್ದೀರಿ" ಅಂತ ಕೇಳುವುದು ಬೇರೆ.

ಹೊಸ ಕಡೆ ಡಬ್ಬಾವಾಲಾ ಗೇಟಿನಲ್ಲೇ ನಿಲ್ಲಬೇಕು. ಕೆಳಗೆ ಹೋಗಿ, ಸಹಿ ಹಾಕಿ, ಮೇಲೆ ತರಬೇಕು. ಲಿಫ್ಟಿಗೆ ಕಾಯುವುದೇ ಹತ್ತು ನಿಮಿಷ. ಎಷ್ಟೋ ಜನ ಡಬ್ಬಾ ನಿಲ್ಲಿಸಿಯೇಬಿಟ್ಟರು. ಕೆಫೆಟೇರಿಯಾ ಇದೆ, ನಾಲ್ಕು ಜನರ ಮೇಜು, ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಐದನೆಯವನು ಬಂದರೆ ಟ್ರೇ ಹಿಡಿದು ಬೇರೆ ಕಡೆ ಹೋಗಬೇಕು. ಮಾಂಸ ಮೀನು ತಂದವರಿಗೆ ಒಂದು ಮೂಲೆ ಬೇರೆ. ಮಹಡಿಗೊಂದು ಟೈಮ್. ನಮ್ಮದು ಒಂದರಿಂದ ಒಂದೂವರೆ. ಎಕ್ಸ್‌ಪೋರ್ಟಿನವರು ಒಂದೂವರೆಯಿಂದ ಎರಡು. ನಾವು ಟ್ರೇ ಇಡುವಾಗ ಅವರು ಟ್ರೇ ಎತ್ತುತ್ತಾರೆ, ಕೈ ಬೀಸುತ್ತೇವೆ. ಕುಂದಾಪುರದ ಕ್ಯಾಷಿಯರ್ ಈಗ ಮೀನು ತರುವುದಿಲ್ಲ, ಮೂಲೆಯಲ್ಲಿ ಒಬ್ಬರೇ ಕೂತು ತಿನ್ನಲು ಬೇಸರವಂತೆ, ಉಪ್ಪಿಟ್ಟು ತರುತ್ತಾರೆ.

ತಮಾಷೆ ಏನೆಂದರೆ ನಮ್ಮ ಹಳೆಯ ಕಾನೂನು ಮಾಡಿದವರಿಗೆ ಇದು ಗೊತ್ತಿತ್ತು. 1948ರ ಫ್ಯಾಕ್ಟರಿ ಕಾಯಿದೆಯಲ್ಲಿ, 150ಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ವಿಶ್ರಾಂತಿ ಕೋಣೆ ಬೇಕು, ಮನೆಯಿಂದ ತಂದ ಬುತ್ತಿ ಉಣ್ಣಲು ಒಂದು ಕೋಣೆ ಬೇಕು, ಅಲ್ಲಿ ಕುಡಿಯುವ ನೀರು ಇರಬೇಕು ಅಂತ ಬರೆದಿದ್ದರು. ಬುತ್ತಿ ಮತ್ತು ನೀರು ಒಂದೇ ಕಡೆ! ನಮ್ಮಂಥ ಆಫೀಸಿಗೆ ಆ ಕಾಯಿದೆ ಅನ್ವಯ ಆಗುತ್ತಿರಲಿಲ್ಲ ಬಿಡಿ, ನಾವು ಕಾರ್ಮಿಕರಲ್ಲ, 'ಅಸೋಸಿಯೇಟ್'ಗಳು.

ನನ್ನ ಸೋದರಮಾವ ಊರು ಬಿಟ್ಟು ಬಂದಾಗ ಹದಿಮೂರು ವರ್ಷ. ಫೋರ್ಟಿನ ಉಡುಪಿ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಆಗ ಎಷ್ಟೋ ಹುಡುಗರು ಹಾಗೇ ಕಲಿತವರು. ಅವರು ಹೇಳುತ್ತಿದ್ದರು, ಹೋಟೆಲಿನ ಹಿಂಬಾಗಿಲಲ್ಲಿ ಎರಡು ಕಲ್ಲಿನ ಮೆಟ್ಟಿಲಿತ್ತು, ಮಧ್ಯಾಹ್ನ ಮೂರರಿಂದ ನಾಲ್ಕು ಗಿರಾಕಿ ಕಡಿಮೆ, ಅಡುಗೆ ಭಟ್ಟರು, ಸಪ್ಲೈಯರ್, ಕ್ಲೀನರ್ ಎಲ್ಲ ಅಲ್ಲೇ ಕೂರುವುದು. ಯಾವ ಆಫೀಸಿನಲ್ಲಿ ಹುಡುಗ ಬೇಕಂತೆ, ಯಾವ ಮೇಷ್ಟ್ರು ಪುಕ್ಕಟೆ ಲೆಕ್ಕ ಹೇಳಿಕೊಡುತ್ತಾರೆ, ಎಲ್ಲ ಸುದ್ದಿ ಆ ಮೆಟ್ಟಿಲಿಗೆ ಬರುತ್ತಿತ್ತು. ಮಾವನಿಗೆ ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ ಸಿಕ್ಕಿದ್ದು ಹಾಗೆ. ಆಮೇಲೆ ಮಾವ ನನ್ನನ್ನು ತಂದರು. ಮುಂಭಾಗದ ಮಾರ್ಬಲ್ ಮೇಜಿನಲ್ಲಿ ಕೂರುವ ಹಕ್ಕು ಕ್ಲೀನರ್ ಹುಡುಗನಿಗೆ ಇರಲಿಲ್ಲ, ಮೆಟ್ಟಿಲು ಯಾರದ್ದೂ ಅಲ್ಲ.

ಇಷ್ಟು ಬರೆದು ಮಗಳಿಗೆ ಓದಿ ಹೇಳಿದೆ. "ಚೆನ್ನಾಗಿದೆ, ಆದರೆ ಆ ಮೇಜಿನಲ್ಲಿ ಹನ್ನೊಂದು ಜನರಲ್ಲಿ ಹೆಂಗಸರು ಎಷ್ಟು ಮಂದಿ?" ಅಂತ ಕೇಳಿದಳು. ಯೋಚಿಸಿದೆ. ಒಬ್ಬರೂ ಇಲ್ಲ. ಆಫೀಸಿನಲ್ಲಿ ನಾಲ್ಕು ಜನ ಹೆಂಗಸರಿದ್ದರು, ಅವರು ಟೈಪಿಂಗ್ ಕೋಣೆಯಲ್ಲಿ ಬಾಗಿಲು ಅರ್ಧ ಮುಚ್ಚಿ ತಿನ್ನುತ್ತಿದ್ದರು. ಅವರಿಗಿದ್ದ ಶೌಚಾಲಯ ಕೆಳಗಿನ ಮಹಡಿಯಲ್ಲಿ, ಬೀಗದ ಕೈ ಶಿಪಾಯಿ ಹತ್ತಿರ. ಕೆಳಗಿನ ಟಪರಿಯಲ್ಲಿ, ಅಂದರೆ ಚಹಾ ಗೂಡಂಗಡಿಯಲ್ಲಿ, ಕಟಿಂಗ್ ಚಹಾ ಕುಡಿಯುತ್ತಾ ಸಿಗರೇಟು ಸೇದುವವರಿಗೆ ಬೋನಸ್ ಎಷ್ಟು, ಪ್ರಮೋಷನ್ ಯಾರಿಗೆ ಎಲ್ಲ ಮೊದಲೇ ಗೊತ್ತಾಗುತ್ತಿತ್ತು, ಆ ನಾಲ್ಕು ಜನಕ್ಕೆ ನೋಟಿಸ್ ಬೋರ್ಡ್ ನೋಡಿಯೇ ಗೊತ್ತಾಗಬೇಕು. ಇನ್ನೊಂದು ಮಾತು, ಬರೆಯಲು ನಾಚಿಕೆ ಆಗುತ್ತದೆ. ಫಿಲ್ಟರ್ ಮೇಲೆ ಎರಡು ಲೋಟ ಇತ್ತು. ಕಸ ಗುಡಿಸುವವರು ಬಂದರೆ ಅವರ ಲೋಟ ಕಿಟಕಿಯಲ್ಲಿ ಬೇರೆ. ಯಾರೂ ನಿಯಮ ಮಾಡಿರಲಿಲ್ಲ, ಎಲ್ಲರೂ ಪಾಲಿಸುತ್ತಿದ್ದೆವು. ಆ ಎರಡು ನಿಮಿಷದ ಮಾತಿನಲ್ಲಿ ಅವರು ಎಂದೂ ಇರಲಿಲ್ಲ.

ಹಾಗಾಗಿ ಹಳೆಯದನ್ನೇ ತನ್ನಿ ಅಂತ ನಾನು ಹೇಳುತ್ತಿಲ್ಲ. ಎಂಐಟಿಯಲ್ಲಿ 1943ರಲ್ಲಿ ಯುದ್ಧದ ರಡಾರ್ ಕೆಲಸಕ್ಕೆ ಅವಸರದಲ್ಲಿ ಕಟ್ಟಿದ ಒಂದು ಮರದ ಕಟ್ಟಡ ಇತ್ತಂತೆ, ಹೆಸರೂ ಇಲ್ಲ, ಬಿಲ್ಡಿಂಗ್ 20 ಅಂತ ನಂಬರ್ ಅಷ್ಟೇ. ಯುದ್ಧ ಮುಗಿದ ಮೇಲೆ ಕೆಡವಬೇಕಿದ್ದದ್ದು 1998ರವರೆಗೆ ನಿಂತಿತು. ಬೇಸಿಗೆಯಲ್ಲಿ ಸೆಕೆ, ನೆಲ ಕಿರುಗುಟ್ಟುತ್ತಿತ್ತು. ಆದರೆ ಅಲ್ಲಿ ಜಾಗ ಸಿಗದವರನ್ನೆಲ್ಲ ತಂದು ತುಂಬಿದ್ದರಿಂದ ಎಂಜಿನಿಯರುಗಳ ಪಕ್ಕದಲ್ಲಿ ನೋಮ್ ಚಾಮ್ಸ್ಕಿಯಂಥ ಭಾಷಾಪಂಡಿತರು, ಬೇಕಾದರೆ ಗೋಡೆಗೆ ತೂತು ಕೊರೆದು ತಂತಿ ಎಳೆದುಕೊಳ್ಳುವ ಸ್ವಾತಂತ್ರ್ಯ. ಅಲ್ಲಿ ಕೆಲಸ ಮಾಡಿದವರು ಇವತ್ತಿಗೂ ಹೊಗಳುತ್ತಾರಂತೆ. ಇದನ್ನು ಕೇಳಿ ನಾನು ಖುಷಿಪಟ್ಟೆ, ಮಗಳು "ಅಲ್ಲೂ ಹೆಂಗಸರು ಎಷ್ಟಿದ್ದರೋ ನೋಡು" ಅಂದಳು. ಇರಲಿ.

ಮನೆಯಿಂದ ಕೆಲಸದ ಬಗ್ಗೆ ನಿಮ್ಮ ಲೇಖಕರು ಅರ್ಧ ಪುಟ ಬರೆದಿದ್ದಾರೆ, ಜನರನ್ನು ವಾರಕ್ಕೆ ಐದು ದಿನ ಆಫೀಸಿಗೆ ಕರೆತಂದರೆ ಬಾಂಧವ್ಯ ತಾನಾಗೇ ಬೆಳೆಯುತ್ತದಂತೆ. ಎರಡು ಗಂಟೆ ಗಾಡಿಯಲ್ಲಿ ನಿಂತು ಬಂದು, ಯಾರದ್ದೋ ಮೇಜಿನಲ್ಲಿ ಕೂತು, ಮನೆಯಲ್ಲಿ ಮಾಡಬಹುದಾಗಿದ್ದ ಅದೇ ವಿಡಿಯೋ ಕಾಲ್ ಇಲ್ಲಿ ಮಾಡುವುದು. ಯಾವ ಬಾಂಧವ್ಯ?

ಹೋದ ತಿಂಗಳು ನಮ್ಮಲ್ಲಿ ಎರಡು ದಿನ ಲಿಫ್ಟ್ ಬಂದ್ ಇತ್ತು. ಬೆಂಕಿ ಬಿದ್ದರೆ ಇಳಿಯಲು ಇರುವ ಮೆಟ್ಟಿಲ ಬಾಗಿಲು ತೆರೆದಿಟ್ಟರು. ಎಲ್ಲರೂ ಬೈದುಕೊಂಡು ಹತ್ತಿದರು. ಮೂರನೇ ಮಹಡಿಯ ತಿರುವಿನಲ್ಲಿ ಉಸಿರು ಬಿಡಲು ನಿಂತೆ. ಅಲ್ಲೇ ಎಕ್ಸ್‌ಪೋರ್ಟಿನ ಇಬ್ಬರು ನಿಂತಿದ್ದರು, ಕುಂದಾಪುರದವರು ಏದುಸಿರು ಬಿಡುತ್ತಾ ಕೆಳಗಿನಿಂದ ಬಂದರು, ಆಮೇಲೆ ಆ ಇಯರ್‌ಫೋನ್ ಹುಡುಗಿ, ಇಯರ್‌ಫೋನ್ ಕೈಯಲ್ಲಿ. ಅವಳು ಹುಬ್ಬಳ್ಳಿಯವಳು ಅಂತ ಅವತ್ತು ಗೊತ್ತಾಯಿತು. ಎರಡು ವರ್ಷ ನನ್ನನ್ನು ಅಂಕಲ್ ಅನ್ನುತ್ತಿದ್ದವಳು "ಅಯ್ಯೋ, ನೀವೂ ಕನ್ನಡದವರೇನ್ರೀ" ಅಂದಳು. ಹದಿನೈದು ನಿಮಿಷ ನಿಂತೆವು. ಎಕ್ಸ್‌ಪೋರ್ಟಿನವರು ಒಂದು ಪಾರ್ಟಿಯ ಹೆಸರು ಹೇಳಿ ದುಡ್ಡು ಕೊಡುತ್ತಿಲ್ಲ, ಹುಷಾರು ಅಂದರು. ಅದೇ ಪಾರ್ಟಿಗೆ ನಾವು ಹಿಂದಿನ ವಾರವಷ್ಟೇ ಉದ್ರಿ ಕೊಟ್ಟಿದ್ದೆವು.

ಮೂರನೇ ದಿನ ಲಿಫ್ಟ್ ಸರಿಯಾಯಿತು, ಮೆಟ್ಟಿಲ ಬಾಗಿಲು ಮುಚ್ಚಿತು.

ನಾನು ಆಡ್ಮಿನ್‌ಗೆ ಒಂದು ಅರ್ಜಿ ಕೊಟ್ಟಿದ್ದೇನೆ. ದೊಡ್ಡದೇನೂ ಕೇಳಿಲ್ಲ. ನಾಲ್ಕನೇ ಮಹಡಿಯ ಲಿಫ್ಟ್ ಎದುರು, ಹಾಲ್‌ನಿಂದ ಕಾಣದ ಹಾಗೆ, ಕಾರ್ಡ್ ತೋರಿಸದೆ ಎಲ್ಲ ಮಹಡಿಯವರೂ ಬರಬಹುದಾದ ಜಾಗದಲ್ಲಿ, ಒಂದು ಬೆಂಚು ಮತ್ತು ಒಂದು ನೀರಿನ ಫಿಲ್ಟರ್. ಮೇಜು ಮೇಜಿಗೆ ಪ್ಯಾಕ್ ಬಾಟಲಿ ಇಡುವುದು ನಿಲ್ಲಿಸಿದರೆ ಅದರ ದುಡ್ಡಿನಲ್ಲೇ ಬರುತ್ತದೆ. ಕೆಫೆಟೇರಿಯಾದಲ್ಲಿ ಎರಡು ಮೇಜಿನ ಬೋಲ್ಟ್ ಬಿಚ್ಚಿ ಅಂತಲೂ ಬರೆದೆ. ಲೋಟ ಎಲ್ಲರಿಗೂ ಒಂದೇ ಥರದ್ದು, ಹೌಸ್‌ಕೀಪಿಂಗ್‌ನವರಿಗೂ ಅಲ್ಲೇ, ಅಂತ ಕೊನೆಗೆ ಪೆನ್ನಿನಲ್ಲಿ ಸೇರಿಸಿದೆ. ಆಡ್ಮಿನ್ ಹುಡುಗ ಅರ್ಜಿ ನೋಡಿ, "ಸರ್, ಫಿಲ್ಟರ್ ಫಾಸ್ಟ್ ಮಾಡೆಲ್ ತರಿಸೋಣ, ಐದು ಸೆಕೆಂಡಿನಲ್ಲಿ ಬಾಟಲಿ ತುಂಬುತ್ತದೆ" ಅಂದ.

ಬೇಡಪ್ಪಾ, ಇರುವುದರಲ್ಲೇ ನಿಧಾನದ್ದು ನೋಡು ಅಂದಿದ್ದೇನೆ.

ಇಂತಿ,
ಡೊಂಬಿವಲಿಯ ಓದುಗ